ಗಾಜಿನ ಒಳಗಿಂದ

ಮಧುಶ್ರೀ ಮೇಡಂಗೆ ನಮಸ್ಕಾರ.

ಶುಗರ್‌ನಿಂದ ಕಾಲಿಗಾದ ಗಾಯಕ್ಕೆ ನಿಮ್ಮ ಆಕ್ಸಿಜನ್ ಚೇಂಬರಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗೋ ಗಿರಿನಗರದ ವಿಮಲಾ ನಾನು. ಗಾಯ ಮಾಯ್ತಾ ಇದೆ, ಆ ಬಗ್ಗೆ ದೂರಿಲ್ಲ. ಒಳಗೆ ಲೋಹ ಬೇಡ ಅಂದಿರಿ, ತಾಳಿ ತೆಗೆದಿಟ್ಟು ಹತ್ತಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಬರ್ತಿದ್ದೀನಿ.

ನಿನ್ನೆ ಒಳಗಿನ ಗಾಳಿಯ ಒತ್ತಡ ಏರಿಸುವಾಗ ಕಿವಿ ತಡೆಯಲಾರದಷ್ಟು ನೋಯ್ತು, ನೀವು ಹೇಳಿಕೊಟ್ಟ ಹಾಗೆ ನಿಲ್ಲಿಸಿ ಅಂತ ಕೈ ಎತ್ತಿದೆ. ನೀವು ಪಕ್ಕದಲ್ಲಿದ್ದ ನಮ್ಮ ಯಜಮಾನರ ಮುಖ ನೋಡಿದಿರಿ. "ಅವಳಿಗೆ ಎಲ್ಲದಕ್ಕೂ ಭಯ, ನೀವು ಮಾಡಿ" ಅಂದರು. ಮೈಕಿನಲ್ಲಿ ನನಗೂ ಕೇಳಿಸ್ತು. ನೀವು ಇನ್ನೂ ಏರಿಸಿದಿರಿ.

ಮನೆಯಲ್ಲಿ ಅವರು ಹೀಗಂದರೆ ಎದ್ದು ಅಡುಗೆಮನೆಗೆ ಹೋಗಿಬಿಡ್ತೀನಿ. ಆ ಗಾಜಿನ ಪೆಟ್ಟಿಗೆಗೆ ಒಳಗಿಂದ ಚಿಲಕ ಇಲ್ಲ.

ಇದಕ್ಕೆ ಫೋನ್ ಮಾಡಬೇಡಿ, ಅದು ಅವರ ಹತ್ತಿರ ಇರುತ್ತೆ. ನಾಳೆ ನನ್ನ ಕೈ ನೋಡಿದರೆ ಸಾಕು.

ಇಂತಿ,
ವಿಮಲಾ