ಸತ್ತ ರಾಜನ ಕೆಮ್ಮು

ನಾಟಕ ಸ್ಪರ್ಧಾ ಸಮಿತಿಯ ಅಧ್ಯಕ್ಷ ಮಹಾಶಯರೇ,

ಸೊರಬದಿಂದ ತಾವು ಕಳಿಸಿದ ಆಮಂತ್ರಣ ಕೈಸೇರಿತು. ಯುಗಾದಿ ಕಳೆದ ಮರುವಾರ ನಡೆಯುವ ಸ್ಪರ್ಧೆಗೆ ನಮ್ಮ ಮಂಡಳಿ ಬರಬೇಕೆಂದೂ, "ರಾಜಪಾತ್ರಧಾರಿ ಶ್ರೀ ಮಹೇಶ್ವರಪ್ಪನವರನ್ನು ತಪ್ಪದೆ ಕರೆತರತಕ್ಕದ್ದು" ಎಂದೂ, ಉತ್ತಮ ನಟನಿಗೆ ಈ ಸಲವೂ ಸಿಗರೇಟು ಕಂಪನಿಯವರು ದಯಪಾಲಿಸಿದ ಡಬ್ಬಿಯನ್ನು ತಮ್ಮ ಹಸ್ತದಿಂದಲೇ ಇನಾಮಾಗಿ ಕೊಡಲಾಗುವುದೆಂದೂ ಗುಮಾಸ್ತರ ಕೈಯಲ್ಲಿ ದುಂಡಗೆ ಬರೆಸಿದ್ದೀರಿ. ಕೆಳಗೆ ಸಹಿ ಇದೆ, ಮೊಹರು ಇದೆ. ಮಹೇಶ್ವರಪ್ಪ ಮಾತ್ರ ಇಲ್ಲ. ಅವನು ನನ್ನ ಒಡಹುಟ್ಟಿದ ತಮ್ಮ. ಹೋದ ಕಾರ್ತಿಕದಲ್ಲಿ ಗಂಟಲ ಹುಣ್ಣಿನಿಂದ ತೀರಿಕೊಂಡ. ಮೂರು ವರ್ಷದ ಹಿಂದೆ ಶಿಕಾರಿಪುರದ ರಂಗದ ಮೇಲೆ ತಾವು ಅವನಿಗೆ ಕೊಟ್ಟದ್ದೂ ಇಂಥದೇ ಒಂದು ಡಬ್ಬಿ. ಈ ಉತ್ತರವನ್ನು ಲಕೋಟೆಯಲ್ಲಿಟ್ಟು ಕಳಿಸಬಹುದಿತ್ತು. ಆದರೆ ಆ ಡಬ್ಬಿಯನ್ನು ತಾವು ಲಕೋಟೆಯಲ್ಲಿಟ್ಟು ಕೊಡಲಿಲ್ಲ. ಸಾವಿರ ಜನರ ಮುಂದೆ ಕೊಟ್ಟಿರಿ. ಸಾವಿರ ಜನರ ಮುಂದೆ ಕೊಟ್ಟದ್ದಕ್ಕೆ ಸಾವಿರ ಜನರ ಮುಂದೆಯೇ, ಪತ್ರಿಕೆಯಲ್ಲಿ, ರಸೀತಿ ಬರೆಯುತ್ತಿದ್ದೇನೆ.

ಒಂದು ಡಬ್ಬಿ ಸಿಗರೇಟಿನಿಂದ ಯಾರಾದರೂ ಸಾಯುತ್ತಾರೆಯೇ ಎಂದು ತಾವು ನಗಬಹುದು. ನಗಿ. ನಾನೂ ಹಾಗೆಯೇ ನಕ್ಕವನು. ನ್ಯಾಯವೆಂದ ಮೇಲೆ ಮೊದಲ ಆರೋಪಿಯನ್ನು ಮೊದಲು ಕಟಕಟೆಗೆ ಕರೆಯಬೇಕು. ಆ ಮೊದಲ ಆರೋಪಿ ನಾನೇ. ತಾವು ಎರಡನೆಯವರು. ಗಾಬರಿಯಾಗಬೇಡಿ, ತಮ್ಮ ಸರದಿ ಬಂದೇ ಬರುತ್ತದೆ.

ನಮ್ಮ ಮಂಡಳಿಯ ನಾಟಕಕ್ಕೆ ಮೇಷ್ಟ್ರು ನಾನು, ಅದರಲ್ಲಿ ಮಂತ್ರಿಯ ಪಾತ್ರವೂ ನನ್ನದು. ತಮ್ಮನದು ಆಗ ರಾಣಿಯ ಪಾತ್ರ. ಎಳೆಯ ದಾರದಂಥ ಕಂಠ ಅವನದು. ಅಂಜನಾಪುರದಲ್ಲಿ ಅವನು ರಾಣಿಯಾಗಿ ಅತ್ತರೆ ಮುಂದೆ ಕೂತ ಹೆಂಗಸರು ಸೆರಗು ಹಿಂಡುತ್ತಿದ್ದರು. ಆದರೆ ಅವನ ಕಣ್ಣೆಲ್ಲ ಕಿರೀಟದ ಮೇಲೆ. ಬಸವಣ್ಣೆಮ್ಮನನ್ನು ಮದುವೆಯಾದ ವರ್ಷ ಒಂದು ದಿನ ಬಣ್ಣದ ಕೋಣೆಯಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡೇ ಜಗಳಕ್ಕೆ ನಿಂತ. "ಅಣ್ಣಾ, ಇನ್ನೆಷ್ಟು ವರ್ಷ ಸೀರಿ ಉಡ್ಲಿ? ಬಸವಣ್ಣೆಮ್ಮನ ಸೀರಿನೇ ಉಟ್ಕಂಡು ಆಕಿ ಮುಂದೇ ನಿಂತ್ಕಂತೀನಿ. 'ನನ್ನ ಸೀರಿ ನನಗಿಂತ ನಿಮಗೇ ಒಪ್ತತಿ' ಅಂತಾಳೆ. ನನಗೆ ರಾಜನ ಪಾರ್ಟು ಕೊಡು."

ರಾಜನಿಗೆ ಗುಡುಗುವ ಕಂಠ ಬೇಕು. ಅದನ್ನು ಬರಿಸುವ ಉಪಾಯ ನಮ್ಮ ನಾಟಕದವರ ಬಳಿ ಒಂದಿತ್ತು. ಬಾಳೆಗೊನೆಯನ್ನು ಮುಚ್ಚಿಟ್ಟು ಹೊಗೆ ಹಾಕಿದರೆ ಹಣ್ಣಾಗುತ್ತದಲ್ಲ, ಕಂಠವೂ ಹಾಗೆಯೇ ಎಂದು ನನ್ನ ಗುರುಗಳು ನನಗೆ ಹೇಳಿದ್ದರು. ಅವರಿಗೆ ಅವರ ಗುರುಗಳು. ಪರದೆಯ ಹಿಂದೆ ನಾನೇ ಒಂದು ಸಿಗರೇಟು ಹಚ್ಚಿ ಅವನ ತುಟಿಗಿಟ್ಟೆ. "ಎಳಿಯೋ, ಒಳಗೆ ಎಳಿ. ಕಂಠ ಹಣ್ಣಾಗ್ಲಿ." ಅವನು ಎಳೆದ, ಕೆಮ್ಮಿದ, ಕಣ್ಣಲ್ಲಿ ನೀರು ಧಾರಾಕಾರ. "ಅಣ್ಣಾ, ರಾಜರೂ ಹಿಂಗೇ ಅಳ್ತಾರೇನು?" ಎಂದ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಎರಡು ವರ್ಷದಲ್ಲಿ ಕಂಠ ನಿಜವಾಗಿಯೂ ಒಡೆದು ದಪ್ಪವಾಯಿತು. ನಾನು ಬೀಗಿದೆ. ಹೊಗೆ ಹಾಕಿದ ಗೊನೆ ಹಣ್ಣಾದ ಮೇಲೆ ಕೊಳೆಯುತ್ತದೆ ಎಂಬುದನ್ನು ಮಾತ್ರ ನನ್ನ ಗುರುಗಳು ಹೇಳಿರಲಿಲ್ಲ. ಬಾಳೆಹಣ್ಣು ತಿನ್ನುವ ನನಗೆ ಅಷ್ಟು ಬುದ್ಧಿ ಬೇಡವೇ?

ಸಿಗರೇಟು ಬರೀ ವಿಷ ಎಂದು ಇಲ್ಲಿ ಬರೆದರೆ ನಾನು ಸುಳ್ಳುಗಾರನಾಗುತ್ತೇನೆ. ಅದು ಸುಖ, ಸ್ವಾಮಿ. ಹಾರ್ಮೋನಿಯಂ ಶುರುವಾಗಿದೆ, ಹೊರಗೆ ಜನ ಗದ್ದಲ ಮಾಡುತ್ತಿದ್ದಾರೆ, ಮೊದಲ ಮಾತು ಮರೆತಂತೆ ಆಗಿ ಹೊಟ್ಟೆಯೊಳಗೆ ಇಲಿ ಓಡುತ್ತಿದೆ. ಆಗ ಒಂದು ದಮ್ಮು ಎಳೆದರೆ ಇಲಿ ಸುಮ್ಮನಾಗುತ್ತದೆ. ಸಿಗರೇಟಿನಂಥ ಸ್ನೇಹಿತ ಇನ್ನೊಬ್ಬನಿಲ್ಲ. ಕರೆದಾಗ ಬರುತ್ತಾನೆ, ಎದುರು ಮಾತಾಡುವುದಿಲ್ಲ, ಏನನ್ನೂ ಕೇಳುವುದಿಲ್ಲ. ಕೇಳದೆ ತೆಗೆದುಕೊಂಡು ಹೋಗುತ್ತಾನೆ, ಅಷ್ಟೇ.

ತಮ್ಮನಿಗೆ ಕೆಮ್ಮು ಹತ್ತಿತು. ಬಸವಣ್ಣೆಮ್ಮ ಒಲೆಯ ಮುಂದೆ ಕೂತು ಚುಚ್ಚುತ್ತಿದ್ದಳು: "ನೀವು ಬಾಯಾಗೇ ಒಲಿ ಹಚ್ಕಂಡು ಕುಂತೀರಿ. ನಾನು ಈ ಒಲಿ ಯಾಕ ಊದ್ಲಿ? ಅಲ್ಲೇ ಒಂದು ರೊಟ್ಟಿ ಸುಟ್ಕಳ್ರಿ!" ಕೊನೆಗೆ ಒಂದು ದಿನ ತುತ್ತು ಬಿಟ್ಟು ಹಟ ಹಿಡಿದಳು. ಅವನು ಇಷ್ಟಲಿಂಗ ಮುಟ್ಟಿ ಆಣೆ ಮಾಡಿದ. ಬಿಟ್ಟ. ಜ್ಯೇಷ್ಠಮಧುವಿನ ಕಡ್ಡಿ ಅಗಿಯುತ್ತಾ ತಿರುಗಿದ. ಮೊದಲ ತಿಂಗಳು ಅವನ ಸಿಟ್ಟಿಗೆ ಮಂಡಳಿಯೆಲ್ಲ ನಡುಗಿತು. ತಾಳ ತಪ್ಪಿದ್ದಕ್ಕೆ ತಬಲಾದವನ ಮೇಲೆ ಮರದ ಕತ್ತಿ ಎಸೆದ. ಎರಡನೆಯ ತಿಂಗಳು ಅನ್ನ ರುಚಿಸಿತು. ಮೂರನೆಯದಕ್ಕೆ ಕೆಮ್ಮು ನಿಂತಿತು. ನಾಲ್ಕು ತಿಂಗಳು, ಸ್ವಾಮಿ! ಅವನೆದುರಿಗೆ ನಾನು ಸೇದುತ್ತಲೇ ಇದ್ದೆ. ನಾನು ಬಿಟ್ಟೆನೇ? ಇಲ್ಲ. ಬಿಡುವವನ ಪಕ್ಕದಲ್ಲಿ ಕೂತು ಸೇದುವುದೆಂದರೆ ಉಪವಾಸವಿದ್ದವನ ಮೂಗಿನಡಿ ಒಗ್ಗರಣೆ ಹಾಕಿದ ಹಾಗೆ. ನಾನು ದಿನವೂ ಒಗ್ಗರಣೆ ಹಾಕಿದೆ.

ಈಗ ತಮ್ಮ ಪ್ರವೇಶ. ಆಗ ತಾವು ಶಿಕಾರಿಪುರದಲ್ಲಿ ಅಮಲ್ದಾರರಾಗಿದ್ದಿರಿ. ಅಲ್ಲಿಯ ಸ್ಪರ್ಧೆಗೆ ಕಂಪನಿಯ ವ್ಯಾನು ಬಂದಿತ್ತು, ಬಣ್ಣದ ಕಾಗದ ಕಟ್ಟಿತ್ತು, ಮೈಕು ಕೊಟ್ಟಿತ್ತು. ರಾಜ ಪ್ರಚಂಡಸೇನನಾಗಿ ನನ್ನ ತಮ್ಮ ಆ ದಿನ ಗುಡುಗಿದ್ದೇ ಗುಡುಗಿದ್ದು. ತಾವು ರಂಗಕ್ಕೆ ಬಂದು ಡಬ್ಬಿ ಕೊಟ್ಟಿರಿ. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಅದನ್ನು ನಮಸ್ಕಾರ ಮಾಡಿ ತಂದು ಯಾರಿಗಾದರೂ ದಾನ ಮಾಡುತ್ತಿದ್ದ. ತಾವು ಮುಚ್ಚಳ ತೆಗೆದು, ಒಂದನ್ನು ಎತ್ತಿ, ಮೈಕಿನ ಮುಂದೆಯೇ ಹೇಳಿದಿರಿ: "ಏನ್ರೀ ಮಹಾರಾಜರೇ, ನಮ್ಮೆದುರು ಒಂದು ಹಚ್ಚಿ. ಸಂಕೋಚ ಯಾಕೆ?"

ಅವನು ತಲೆ ತಗ್ಗಿಸಿ, "ಬಿಟ್ಟೀನ್ರಿ ಸಾಹೇಬ್ರೆ" ಎಂದ.

"ರಾಜರು ಬಿಡೋದುಂಟೇನ್ರೀ? ಬಿಡೋದು ಬಡವರು!" ಎಂದಿರಿ. ಜನ ಸಿಳ್ಳೆ ಹೊಡೆದರು. ತಾವು ಕಡ್ಡಿ ಗೀರಿ ಹಿಡಿದಿರಿ. ನನ್ನ ತಮ್ಮ ನನ್ನ ಮುಖ ನೋಡಿದ. ರಾಜ ಮಂತ್ರಿಯ ಮುಖ ನೋಡಿದ, ಸ್ವಾಮಿ, ಸಲಹೆ ಕೇಳಿದ! ನಾನು ರೇಷ್ಮೆ ಪೇಟ ಸುತ್ತಿಕೊಂಡು ನಿಂತಿದ್ದೆ. ನನ್ನ ಬಾಯಿಂದ ಬಂದ ಮಾತು ಯಾವುದು ಗೊತ್ತೇ? "ಹಚ್ಚೋ ಮಾರಾಯ. ಸಾಹೇಬ್ರ ಕೈ ಸುಡ್ತತಿ."

ತಮ್ಮ ಕೈ ಸುಡಲಿಲ್ಲ. ಸಂತೋಷ.

ಮರುವಾರ ಲೈಸೆನ್ಸಿನ ಕಾಗದಕ್ಕೆಂದು ತಮ್ಮ ಕಛೇರಿಗೆ ಬಂದಿದ್ದೆ. ಹಳೆಯ ದಫ್ತರಗಳ ಕೋಣೆಯ ಬಾಗಿಲಿಗೆ "ಇಲ್ಲಿ ಧೂಮಪಾನ ಮಾಡಕೂಡದು" ಎಂಬ ಹಲಗೆ ತೂಗುತ್ತಿತ್ತು. ಕಾಗದಕ್ಕೆ ಕಿಡಿ ತಾಗಬಾರದಲ್ಲ! ಎಷ್ಟು ಕಾಳಜಿ, ಎಷ್ಟು ಮುಂದಾಲೋಚನೆ! ಮಹಾಶಯರೇ, ನನ್ನ ತಮ್ಮನೂ ಒಂದು ದಫ್ತರವಾಗಿದ್ದರೆ ಬದುಕುತ್ತಿದ್ದನೇನೋ. ಅವನ ಎದೆಗೊಂದು ಹಲಗೆ ತೂಗುಹಾಕುವವರು ಯಾರೂ ಇರಲಿಲ್ಲ. ಇದ್ದೊಬ್ಬ ಹೆಂಡತಿ ತೂಗುಹಾಕಿದ್ದನ್ನು ತಾವೂ ನಾನೂ ಸೇರಿ ಕಿತ್ತೆವು.

ಅವನು ಮತ್ತೆ ಬಿಡಲು ನೋಡಲಿಲ್ಲವೆಂದಲ್ಲ. ಒಂದು ದಿನ ಇಬ್ಬರೂ ಅಂಜನಾಪುರದ ಕಾಲುವೆಯ ಏರಿಯ ಮೇಲೆ ಬರುತ್ತಿದ್ದಾಗ ಅದೇ ಡಬ್ಬಿಯನ್ನು ಜೇಬಿನಿಂದ ತೆಗೆದು, ರಂಗದ ಮೇಲೆ ಶಪಥ ಮಾಡುವವನಂತೆ ಕೈಯೆತ್ತಿ, "ಎಲೈ ಪಾಪಿಷ್ಠ ಡಬ್ಬಿಯೇ, ತೊಲಗು!" ಎಂದು ನೀರಿಗೆ ಎಸೆದ. ನಾನು ಚಪ್ಪಾಳೆ ತಟ್ಟಿದೆ. ಮನೆ ಕಡೆ ತಿರುಗಿದರೆ ಇವನು ನಾಪತ್ತೆ. ಹುಡುಕಿಕೊಂಡು ಹೋದರೆ, ಕೆಳಗಿನ ತೂಬಿನ ಹತ್ತಿರ ಪಂಚೆ ಎತ್ತಿ ಕಟ್ಟಿ ಮೊಳಕಾಲುದ್ದ ನೀರಲ್ಲಿ ನಿಂತು ಡಬ್ಬಿಗೆ ಕಾಯುತ್ತಿದ್ದಾನೆ! ತೇಲಿ ಬಂತು. ಕಂಪನಿಯವರ ಮುಚ್ಚಳದ ಬಿಗಿಯನ್ನು ಮೆಚ್ಚಲೇಬೇಕು, ಒಳಗೆ ಒಂದು ಹನಿ ಇಳಿದಿರಲಿಲ್ಲ. "ನಾನು ಬಿಟ್ಟೆ ಅಣ್ಣಾ, ಅದು ಬಿಡವಲ್ದು" ಎಂದು ಹಲ್ಲು ಕಿರಿದ. ಬಿಡುವುದು ಎಷ್ಟು ಕಷ್ಟವೆಂದು ನನಗೆ ಆ ತೂಬಿನ ಹತ್ತಿರ ಅರ್ಥವಾಗಬೇಕಿತ್ತು. ನಾನು ಅದನ್ನು ಮಂಡಳಿಯವರಿಗೆಲ್ಲ ಹೇಳಿ ನಗಿಸಿದೆ.

ಆಮೇಲೆ ಬಂದಳಿಕೆ ಊರಿನ ಆಟ. ಕಡೆಯ ಅಂಕದಲ್ಲಿ ರಾಜ ಯುದ್ಧದಲ್ಲಿ ಬಿದ್ದು ಸತ್ತಿದ್ದಾನೆ. ರಾಣಿಯ ಪಾತ್ರದ ಗೋಪಾಲಪ್ಪ ಅವನ ಎದೆಯ ಮೇಲೆ ಬಿದ್ದು ಗೋಳಾಡುತ್ತಿದ್ದಾನೆ. ಜನ ಗಪ್‌ಚಿಪ್. ಆಗ ಸತ್ತ ರಾಜ ಕೆಮ್ಮಿದ. ಒಂದಲ್ಲ, ಎರಡಲ್ಲ, ಕಿರೀಟ ಉರುಳಿಬೀಳುವ ಹಾಗೆ ಕೆಮ್ಮಿದ. ಹಿಂದಿನಿಂದ ಯಾರೋ ಕೂಗಿದರು, "ಏ ರಾಣಿ, ಅಳಬ್ಯಾಡ! ನಿನ್ನ ಗಂಡ ಇನ್ನೂ ಅದಾನೆ!" ಗೋಪಾಲಪ್ಪನೇನು ಕಡಿಮೆಯೇ? "ಅಯ್ಯೋ ಪ್ರಭೂ, ನಿಮ್ಮ ಹೊಗೆ ತಾಳಲಾರದೆ ಯಮನೂ ವಾಪಸ್ ಕಳಿಸಿದನೇ!" ಎಂದ. ಬಯಲೆಲ್ಲ ನಗೆ. ನಾನೂ ನಕ್ಕೆ. ಬಣ್ಣದ ಕೋಣೆಗೆ ಹೋದರೆ ತಮ್ಮನೊಬ್ಬನೇ ನಗದೆ ಕೂತಿದ್ದ. ಕೈಯಲ್ಲಿದ್ದ ವಸ್ತ್ರ ತೋರಿಸಿದ. "ಅಣ್ಣಾ, ಇದು ಬಣ್ಣ ಅಲ್ಲ" ಎಂದ.

ಶಿವಮೊಗ್ಗೆಯ ವೈದ್ಯರು ಬಾಯಿ ತೆರೆಸಿ ನೋಡಿ, ಸಿಗರೇಟು ಎಷ್ಟು ವರ್ಷದಿಂದ ಎಂದು ಕೇಳಿದರು. ಅವನು ನನ್ನತ್ತ ನೋಡದೆ, "ನಾನೇ ಕಲ್ತಿದ್ದು" ಎಂದ. ಅವನು ಆಡಿದ ಒಂದೇ ಸುಳ್ಳು ಅದು. ಆಮೇಲೆ ಕಂಠ ಹೋಯಿತು. ಗುಡುಗು ಹೋಗಿ ಎಳೆ ದಾರ ಬಂತು, ಎಳೆ ದಾರವೂ ಹೋಗಿ ಬರೀ ಉಸಿರು ಉಳಿಯಿತು. ನೀರು ಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದ. ರಂಗದ ಮೇಲೆ ಅವನು "ಯಾರಲ್ಲಿ?" ಎಂದು ಚಪ್ಪಾಳೆ ತಟ್ಟಿದರೆ ನಾನು ಬಾಗಿ ಬರುತ್ತಿದ್ದೆನಲ್ಲ, ಹಾಗೆಯೇ "ಅಪ್ಪಣೆ, ಪ್ರಭೂ" ಎನ್ನುತ್ತಾ ಹೋಗುತ್ತಿದ್ದೆ. ಮೊದಮೊದಲು ಅವನ ಮುಖ ಅರಳುತ್ತಿತ್ತು. ಕಡೆಗೆ ಎರಡು ಅಂಗೈ ಒಂದಕ್ಕೊಂದು ಮುಟ್ಟುತ್ತಿದ್ದವು, ಸದ್ದು ಬರುತ್ತಿರಲಿಲ್ಲ.

ತೀರಿಕೊಂಡವನಿಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ ದಿನ ಮಂಡಳಿಯವರೆಲ್ಲ ಬಂದರು. ಆಟವಾದಾಗಲೆಲ್ಲ ಅವನ ಎದೆಯ ಮೇಲೆ ಬಿದ್ದು ಅತ್ತ ಗೋಪಾಲಪ್ಪ ಈಗ ಅಳಲಿಲ್ಲ. ಮುಖಕ್ಕೆ ಮುಖವಿಟ್ಟು ನೋಡುತ್ತಾ ನಿಂತ. ಹೊತ್ತಾಯಿತು, ಎತ್ತೋಣವೆಂದು ಹಿರಿಯರು ಅಂದಾಗ ಕೈ ಅಡ್ಡ ಹಿಡಿದು, "ತಡೀರಿ, ಕೆಮ್ತಾನೆ" ಎಂದ.

ನಾವು ತಡೆದೆವು. ಮನೆಯೆಲ್ಲ ತಡೆಯಿತು. ಕೆಮ್ಮಲಿಲ್ಲ.

ಮಣ್ಣು ಕೊಟ್ಟು ಬರುವಾಗ ನಾನೇನು ಮಾಡಿದೆ, ಹೇಳಲೇ? ಬೇಲಿಯ ಮರೆಗೆ ಹೋಗಿ ಒಂದು ಸಿಗರೇಟು ಹಚ್ಚಿದೆ. ಕೈಗೆ ಇನ್ನೂ ಮಣ್ಣು ಮೆತ್ತಿತ್ತು. ಅದೇ ಕಡೆಯದು. ಇದನ್ನು ಶೌರ್ಯವೆಂದು ಬರೆಯುತ್ತಿಲ್ಲ. ಸಿಗರೇಟನ್ನು ಒಮ್ಮೆ ಬಿಟ್ಟೆ ಎನ್ನುವವನು ಅದನ್ನು ಬಿಟ್ಟಿಲ್ಲ. ಅದನ್ನು ದಿನಾ ಬೆಳಗ್ಗೆ ಎದ್ದು ಬಿಡಬೇಕು, ಉಂಡ ಮೇಲೆ ಬಿಡಬೇಕು, ಹಾರ್ಮೋನಿಯಂ ಸದ್ದು ಕೇಳಿದಾಗ ಬಿಡಬೇಕು. ಈ ಪತ್ರ ಬರೆಯುತ್ತಲೇ ಮೂರು ಸಲ ಕೈ ಜೇಬಿಗೆ ಹೋಯಿತು. ಅಲ್ಲಿ ಹುರಿಗಡಲೆ ಇದೆ. ಆದೀತು, ಬಿಡಲಾದೀತು. ನನ್ನಂಥವನಿಗೆ ಆದೀತೆಂದರೆ ತಮ್ಮನಿಗೆ ಆಗಿಯೇ ಹೋಗಿತ್ತಲ್ಲ, ಸ್ವಾಮಿ! ಆ ನಾಲ್ಕು ತಿಂಗಳನ್ನು ನೆನೆದರೆ ಎದೆ ಒಡೆಯುತ್ತದೆ.

ತಮ್ಮ ಡಬ್ಬಿಯನ್ನು ಈ ಪತ್ರ ಅಚ್ಚಾದ ದಿನವೇ ವಾಪಸು ಕಳಿಸಬೇಕೆಂದಿದ್ದೆ. ಎಂಥ ದೃಶ್ಯವಾಗುತ್ತಿತ್ತು, ಯೋಚಿಸಿ! ಕೇಳಲೆಂದು ಬಸವಣ್ಣೆಮ್ಮನ ಮನೆಗೆ ಹೋದೆ. ರಾಜನ ಕಟ್ಟುಮೀಸೆಯನ್ನು ಅದರೊಳಗೆ ಇಟ್ಟಿದ್ದಾಳೆ. "ಕೊಡಂಗಿಲ್ರಿ ಭಾವಾರೆ" ಎಂದಳು. ಯಾಕಮ್ಮಾ ಎಂದೆ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದುಕೊಂಡಳು. "ಸಾಯೋಮಟ ಈ ವಾಸನಿಗೆ ಬೈದೆ. ಈಗ ಅವ್ರದು ಅಂತ ಇದೊಂದೇ ಉಳದೈತಿ. ದಿನಾ ತೆಗಿಯಂಗಿಲ್ಲ, ತೀರಿಹೋಗ್ತತಿ ಅಂತ." ಮತ್ತೆ ಬಿಗಿಯಾಗಿ ಮುಚ್ಚಿದಳು. ಒಳ್ಳೆಯ ಮುಚ್ಚಳ ಎಂದು ಆಗಲೇ ಬರೆದಿದ್ದೇನೆ.

ಆದ್ದರಿಂದ ಬರಿಗೈಯಲ್ಲಿ ಕೇಳುತ್ತಿದ್ದೇನೆ. ಸೊರಬದ ರಂಗದ ಮೇಲೆ ಸಿಗರೇಟಿನ ಇನಾಮು ಇರಕೂಡದು, ಆ ವ್ಯಾನು ರಂಗದ ಹತ್ತಿರ ನಿಲ್ಲಕೂಡದು. ಗೆದ್ದವನಿಗೆ ಒಂದು ತೆಂಗಿನಕಾಯಿ ಕೊಡಿ, ಒಂದು ಟವೆಲು ಕೊಡಿ, ನಟ ಕಣ್ಣಿಗೊತ್ತಿಕೊಳ್ಳುತ್ತಾನೆ. ಮತ್ತು ತಾವೇ, ಅದೇ ಮೈಕಿನ ಮುಂದೆ, ಶಿಕಾರಿಪುರದಲ್ಲಿ ಗೆದ್ದವನು ಏನಾದನೆಂದು ಜನಕ್ಕೆ ಹೇಳಬೇಕು. ಹೇಳದಿದ್ದರೆ ನಾನು ಬರುತ್ತೇನೆ. ಬಣ್ಣ ಹಚ್ಚದೆ ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ತಾವು ಇನ್ನೊಬ್ಬ ರಾಜನ ಮುಂದೆ ಕಡ್ಡಿ ಗೀರಿದ ಕ್ಷಣ ಎದ್ದು ನಿಂತು ನನ್ನ ತಮ್ಮನ ಕೆಮ್ಮನ್ನು ಕೆಮ್ಮಿ ತೋರಿಸುತ್ತೇನೆ. ಎರಡು ವರ್ಷ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ್ದೇನೆ. ನಾನು ಒಳ್ಳೆಯ ನಟ, ಒಂದು ಸ್ವರವೂ ತಪ್ಪುವುದಿಲ್ಲ.

ಇಂತಿ,
ಮೂವತ್ತು ವರ್ಷ ಮಂತ್ರಿಯ ವೇಷ ಕಟ್ಟಿ,
ರಾಜ ನಿಜವಾಗಿ ಸಲಹೆ ಕೇಳಿದ ದಿನ "ಹಚ್ಚು" ಎಂದವನು,
ಶಿವಮೂರ್ತಪ್ಪ, ನಾಟಕದ ಮೇಷ್ಟ್ರು
ಶಿಕಾರಿಪುರ, ಮಾಘ ಮಾಸ, ೧೯೫೯