ಪರದೆಯ ಈಚೆ

ಅಕ್ಕಾ,

ನೀನು ಹೋಗಿ ನಾಲ್ಕು ವರ್ಷವಾದ ಮೇಲೆ, ಇವತ್ತು ನಮ್ಮ ಹೊಲಿಗೆ ಕಾರ್ಖಾನೆಗೇ ನಿನ್ನನ್ನು ಕೊಂಡೊಯ್ದ ಗರ್ಭಕಂಠದ ಕ್ಯಾನ್ಸರ್‌ನ ಪರೀಕ್ಷೆ ಬಂತು. ಈಗ ಡಾಕ್ಟರ ಮುಂದೆ ಮಲಗಬೇಕಿಲ್ಲ. ಪರದೆಯ ಹಿಂದೆ ಹೋಗಿ, ಸಣ್ಣ ಬ್ರಷ್‌ನಿಂದ ನಾವೇ ಮಾದರಿ ತೆಗೆದುಕೊಡಬಹುದು.

ಗುಂಡಿ ಹೊಲಿಯುವ ದೊಡ್ಡಮ್ಮ ಮಾತ್ರ ನಿನ್ನ ಹಾಗೆಯೇ ಬೇಡವೆಂದು ಹಟ ಹಿಡಿದರು. "ಮೂರು ಹೆತ್ತಿದೀನಿ, ಇನ್ನೇನಿದೆ ಅಲ್ಲಿ ನೋಡೋಕೆ?" ಎಲ್ಲರೂ ನಕ್ಕರು.

ಅಂದು ನೀನು ಪರೀಕ್ಷೆ ಬೇಡವೆಂದಾಗ ನಾನು "ನಿನ್ನಿಷ್ಟ" ಅಂದಿದ್ದೆ. ಅದನ್ನೇ ಗೌರವ ಅಂದುಕೊಂಡಿದ್ದೆ. ಇವತ್ತು ಹಾಗನ್ನಲಿಲ್ಲ. ಅವರ ಕೈಚೀಲ ಇಸಿದುಕೊಂಡು, "ಹೋಗಿ, ನಾನಿಲ್ಲೇ ಕಾಯ್ತೀನಿ" ಅಂದೆ.

ಒಳಗಿನಿಂದ ಎರಡು ಸಲ ಕೇಳಿದರು, "ಇದೀಯೇನಮ್ಮಾ?"

"ಇದೀನಿ."

ಐದು ನಿಮಿಷಕ್ಕೆ ಹೊರಬಂದು, "ಅಯ್ಯೋ, ಇಷ್ಟೇನಾ?" ಅಂದರು. ಕೈಚೀಲ ಕೊಡುವುದನ್ನೂ ಮರೆತು ನಿಂತಿದ್ದೆ.

ಇಷ್ಟೇ ಇತ್ತು, ಅಕ್ಕಾ.