ತಾತನ ಎಡೆಯ ಲೋಟ

ಕಲ್ಯ, ಮಾಗಡಿ ತಾಲ್ಲೂಕು
೨೪ ಅಕ್ಟೋಬರ್ ೨೦೨೪, ಗುರುವಾರ

ಪ್ರೀತಿಯ ಧನುಶ್ರೀ ಅಪ್ಪನಿಗೆ, ಲತಾಮಣಿಯ ನಮಸ್ಕಾರ.

ಹೇಗಿದ್ದೀರಿ? ಕೈ ನಡುಕ ನಿಂತಿತಾ? ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರಾ? ಹೋದ ಕಾಗದದಲ್ಲಿ ನಿಮ್ಮ ಅಕ್ಷರ ಗೆರೆಯ ಮೇಲೆ ನೆಟ್ಟಗೆ ಕೂತಿದ್ದು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅತ್ತೆಗೆ ಓದು ಬರದಿದ್ದರೂ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಷರಕ್ಕೆ ಮೈ ಬಂದಿದೆ ಅಂದರು. ಅಲ್ಲಿ ಫೋನ್ ಕೊಡುವುದಿಲ್ಲ ಎಂದು ನಿಮಗೆ ಬೇಜಾರು. ನನಗೇನೋ ಇದೇ ಚೆನ್ನಾಗಿದೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ನೀವು ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳುತ್ತಿರುವುದು ಇದೇ ಮೊದಲು. ಧನುಶ್ರೀಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಅಪ್ಪ ಬರುವಷ್ಟರಲ್ಲಿ ಹುಟ್ಟುತ್ತವಾ ಎಂದು ದಿನಾ ಕನ್ನಡಿ ನೋಡುತ್ತಾಳೆ.

ಪ್ರತಿ ಕಾಗದದಲ್ಲೂ ನೀವು ಕೇಳುವುದು ಒಂದೇ, ಅಪ್ಪ ನನ್ನ ಬಗ್ಗೆ ಏನಾದರೂ ಅಂದರಾ ಎಂದು. ಕುಡಿತ ಬಿಡಿಸುವ ಕೇಂದ್ರಕ್ಕೆ ನೀವು ಹೊರಟ ದಿನ ಮಾವ "ನಮ್ಮನೇಲಿ ಕುಡುಕ ಹುಟ್ಬುಟ್ಟ, ಇವನ ಮಕ ನಾನ್ ನೋಡಾಕಿಲ್ಲ" ಎಂದು ಬಾಗಿಲು ಹಾಕಿಕೊಂಡದ್ದು ನನಗೂ ಮರೆತಿಲ್ಲ. ನೀವು ಅಲ್ಲಿಂದ ಮನೆಗೆ ಬರದೆ ಹಾರೋಹಳ್ಳಿ ಫ್ಯಾಕ್ಟರಿ ಹತ್ತಿರ ರೂಮು ಮಾಡುತ್ತೇನೆ ಎಂದು ಬರೆದಿದ್ದು ಆ ಮಾತಿನಿಂದಲೇ ಎಂದು ನನಗೆ ಗೊತ್ತು. ಎರಡು ರಾತ್ರಿ ಅತ್ತಿದ್ದೇನೆ. ಈಗ ಅಳುತ್ತಿಲ್ಲ. ಮೊದಲು ಸುದ್ದಿ ಕೇಳಿ.

ನಿಮ್ಮ ಅಪ್ಪ ಕುಡಿದು ಗಾಡಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದರು. ನಗಬೇಡಿ. ಅಥವಾ ನಗಿ, ನಾವೆಲ್ಲ ನಕ್ಕು ಮುಗಿಸಿದ್ದೇವೆ.

ಈ ಸಲ ಹಿರಿಯರ ಹಬ್ಬದ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಂತು. ಅವತ್ತು ಅಂಗಡಿ ಮುಚ್ಚಿರುತ್ತದೆಂದು ಮಾವ ಹಿಂದಿನ ದಿನವೇ ಹೋಗಿ ತಾತನ ಬ್ರಾಂದಿಯನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸನ್ನು ತರುವ ಹಾಗೆ ತಂದರು. ತಾತ ಕೆಂಪಯ್ಯನವರ ಫೋಟೋ ಮುಂದೆ ಎಂದಿನಂತೆ ಹೊಸ ಪಂಚೆ, ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ, ಬೀಡಿ ಕಟ್ಟು, ಪಕ್ಕದಲ್ಲಿ ತುಂಬಿದ ಲೋಟ. ಬಾಗಿಲು ಮುಚ್ಚಿ ಹೊರಗೆ ಕೂತಿದ್ದು ಆಮೇಲೆ ಎಡೆ ಎತ್ತಿದೆವು. ಎಲ್ಲಕ್ಕೂ ಒಬ್ಬೊಬ್ಬರು ಸಿಕ್ಕರು, ಲೋಟ ಮಾತ್ರ ಉಳಿಯಿತು. ಪ್ರತಿ ವರ್ಷ ಅದು ನಿಮ್ಮ ಪಾಲು. ಎಡೆಗಿಟ್ಟದ್ದನ್ನು ಚೆಲ್ಲಬಾರದು, ಮನೆಯ ಗಂಡಸೇ ಮುಗಿಸಬೇಕು. ತೆಂಗಿನ ಬುಡಕ್ಕೆ ಹುಯ್ಯಿರಿ ಎಂದು ಅತ್ತೆ ಹೇಳಿ ನೋಡಿದರು. ಮಾವ ಕಣ್ಣು ಮುಚ್ಚಿ, ಕಷಾಯ ಕುಡಿದ ಹಾಗೆ ಒಂದೇ ಏಟಿಗೆ ಮುಗಿಸಿಬಿಟ್ಟರು. ಅರವತ್ತಾರು ವರ್ಷದಲ್ಲಿ ಅದೇ ಮೊದಲು!

ಆಮೇಲೆ ಮಾಗಡಿಯಲ್ಲಿರುವ ತಂಗಿ ವೆಂಕಟಲಕ್ಷ್ಮಮ್ಮನವರಿಗೆ ಎಡೆ ಊಟ ಕೊಟ್ಟು ಬರುತ್ತೇನೆಂದು ಕ್ಯಾರಿಯರ್ ಹಿಡಿದು ಮೊಪೆಡ್ ಹತ್ತಿದರು. ನಾನು ಬೀಗದ ಕೈ ಬಚ್ಚಿಡಬೇಕಿತ್ತು. ನಿಮ್ಮಿಂದ ಬಚ್ಚಿಟ್ಟು ಅಭ್ಯಾಸ ಇತ್ತೇ ಹೊರತು, ಅವರಿಂದಲೂ ಬಚ್ಚಿಡಬೇಕೆಂದು ಹೊಳೆಯಲೇ ಇಲ್ಲ. ಮಾಗಡಿ ಊರ ಬಾಗಿಲಲ್ಲಿ ಪೊಲೀಸರು ಹೆಲ್ಮೆಟ್ ಇಲ್ಲದವರನ್ನು ಹಿಡಿಯುತ್ತಿದ್ದರಂತೆ. ಮಾವ ಹೆಲ್ಮೆಟ್ ಹಾಕಿದ್ದರು, ಅವರಿಗೆ ಯಾರೂ ಕೈ ಅಡ್ಡ ಹಾಕಲಿಲ್ಲ. ಇವರೇ ಗಾಡಿ ನಿಲ್ಲಿಸಿ, ಹಬ್ಬದ ದಿನ ಬಿಸಿಲಲ್ಲಿ ನಿಂತಿದ್ದೀರಲ್ಲ ಎಂದು ಕ್ಯಾರಿಯರ್ ಬಿಚ್ಚಿ ವಡೆ ಹಂಚಲು ಶುರು ಮಾಡಿದರು. ವಡೆಗಿಂತ ಮುಂಚೆ ವಾಸನೆ ತಲುಪಿತು. ಮೆಷಿನ್ ಊದಿಸಿದರು. ನೂರು ಮಿಲಿ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ದಾಟಬಾರದಂತೆ, ಇವರದು ಎಪ್ಪತ್ತೆರಡು. "ನಾನ್ ಕುಡ್ದಿಲ್ಲ ಸ್ವಾಮಿ, ಕುಡ್ದಿದ್ದು ನಮ್ಮಪ್ಪ" ಅಂದರಂತೆ. ನಿಮ್ಮಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ, "ತೀರ್ಕೊಂಡು ಹತ್ತೊಂಬತ್ತು ವರ್ಸ ಆಯ್ತು." ಗಾಡಿ ಸ್ಟೇಷನ್ನಿಗೆ ಹೋಯಿತು, ಕೋರ್ಟಿನ ನೋಟಿಸು ಮನೆಗೆ ಬಂತು.

ಆಮೇಲಿನ ದಿನಗಳಲ್ಲಿ ಮಾವ ಅರ್ಧ ಮುದ್ದೆಯನ್ನೂ ಉಣ್ಣಲಿಲ್ಲ. ಜೈಲು ಗ್ಯಾರಂಟಿ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಕೋರ್ಟಿನ ಎದುರು ಟೀ ಅಂಗಡಿಯಲ್ಲಿ ಒಬ್ಬ ಸಿಕ್ಕಿ, ಕುಡಿದಿದ್ದು ಆಯುರ್ವೇದದ ಅರಿಷ್ಟ ಎಂದುಬಿಡಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಅಂದ. ಆ ಮಾತು ನನಗೆ ಸರಿ ಕಾಣಲಿಲ್ಲ. ವಿಚಾರಿಸಿದರೆ, ಆದಾಯ ಕಡಿಮೆ ಇರುವವರಿಗೆ ಕಾನೂನು ಸೇವಾ ಸಮಿತಿಯವರು ದುಡ್ಡಿಲ್ಲದೆ ವಕೀಲರನ್ನು ಕೊಡುತ್ತಾರೆಂದು ತಿಳಿಯಿತು. ಅರ್ಜಿ ಬರೆದುಕೊಟ್ಟೆ. ಕವನ ಎಂಬ ವಕೀಲೆ ಬಂದರು, ನನಗಿಂತ ಚಿಕ್ಕವರು. ಒಂದೂ ಮುಚ್ಚಿಡದೆ ಹೇಳಿದರು. ಮೊದಲ ಸಲಕ್ಕೆ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡನ್ನೂ ಹಾಕಬಹುದು, ಇನ್ನೊಂದು ಸಲ ಸಿಕ್ಕಿದರೆ ಇದಕ್ಕಿಂತ ಜಾಸ್ತಿ. ಒಪ್ಪಿಕೊಳ್ಳುವುದೂ ಕೇಸು ನಡೆಸುವುದೂ ನಿಮ್ಮಿಷ್ಟ, ಒಪ್ಪಿಕೊಂಡರೆ ವಯಸ್ಸು ನೋಡಿ, ಮೊದಲ ತಪ್ಪೆಂದು ನೋಡಿ ಕನಿಕರ ತೋರಿಸಿ ಎಂದು ಕೇಳುತ್ತೇನೆ, ಸುಳ್ಳು ಮಾತ್ರ ಹೇಳಿಸುವುದಿಲ್ಲ ಅಂದರು. ನನಗೆ ಆ ಹುಡುಗಿಯ ಕೈ ಹಿಡಿದುಕೊಳ್ಳುವ ಹಾಗಾಯಿತು.

ಮೊನ್ನೆ ಸೋಮವಾರ ಕೇಸು ಬಂತು. ಮಾವನ ಜೊತೆ ಸಾಲಿನಲ್ಲಿ ನಿಂತವರೆಲ್ಲ ಅದೇ ತಪ್ಪಿಗೆ ಬಂದವರು, ನಿಮ್ಮ ವಯಸ್ಸಿನವರೇ ಹೆಚ್ಚು. ಮಾವ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದಾಗ ಮತ್ತೆ ತಾತನ ಹೆಸರು ಎತ್ತುತ್ತಾರೇನೋ ಎಂದು ನಾನೂ ಅತ್ತೆಯೂ ಉಸಿರು ಬಿಗಿಹಿಡಿದೆವು. ಮಾವ ಕೈ ಮುಗಿದು, "ಕುಡ್ದಿದ್ದು ನಾನೇ ಸ್ವಾಮಿ, ನಮ್ಮಪ್ಪ ಅಲ್ಲ" ಅಂದರು. ಯಾರಿಗೂ ಅರ್ಥವಾಗಲಿಲ್ಲ, ನಮಗೆ ಆಯಿತು. ಜೈಲಿಲ್ಲ, ದಂಡ ಹಾಕಿದರು, ಆರು ತಿಂಗಳು ಲೈಸೆನ್ಸು ಇಲ್ಲ. ಹೊರಗೆ ಬಂದವರೇ ಹೋಟೆಲಿಗೆ ನುಗ್ಗಿ ನಾಲ್ಕು ತಟ್ಟೆ ಇಡ್ಲಿ ತಿಂದರು. ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನಮಗಿಬ್ಬರಿಗೂ ಟಿಕೆಟ್ ಫ್ರೀ, ಅವರಿಗೆ ಮಾತ್ರ ದುಡ್ಡು. ಕುಡಿದಿದ್ದಕ್ಕೆ ಇದು ಎರಡನೇ ದಂಡ ಎಂದು ಕಂಡಕ್ಟರಿಗೆ ಅವರೇ ಹೇಳಿ ನಕ್ಕರು. ಮಾವ ಅಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಾತ್ರೆ ತಪ್ಪಿಸಬೇಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಧನುಶ್ರೀ ಹಲ್ಲಿಲ್ಲದ ಬಾಯಲ್ಲಿ ಮುತ್ತು ಕಳಿಸಿದ್ದಾಳೆ. ನನ್ನದು ಏನೆಂದು ನಿಮಗೆ ಗೊತ್ತು.

ನಿಮ್ಮ
ಲತಾಮಣಿ

ಮ.ವಿ.: ಪೋಸ್ಟಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀವು ಕೇಳಿದ್ದಕ್ಕೆ ಉತ್ತರ. ಬಸ್ಸಿಳಿದು ಮನೆಗೆ ನಡೆಯುವಾಗ ಮಾವ ಇದ್ದಕ್ಕಿದ್ದಂತೆ ನಿಂತು, "ಅವನು ಕಾಲೇಜಿಗೆ ಹೋದ ವರ್ಸ ಆ ಲೋಟ ಅವನ ಕೈಗೆ ಕೊಟ್ಟೋನು ನಾನೇ ಕಣವ್ವ. ನಾನ್ ಕುಡೀಬಾರ್ದು ಅಂತ ಮಗಂಗೆ ಕುಡಿಸ್ಬುಟ್ಟೆ" ಅಂದರು. ಕಣ್ಣಲ್ಲಿ ನೀರಿತ್ತು. ಮುಂದಿನ ವರ್ಷದಿಂದ ತಾತನ ಲೋಟಕ್ಕೆ ಕಾಫಿಯಂತೆ, ಬೇಕಾದರೆ ಕುಡಿಯಲಿ ಅಂದರು. ಇನ್ನೊಂದು ಮಾತು, ನಾನು ಹೇಳಿದೆನೆಂದು ತೋರಿಸಿಕೊಳ್ಳಬೇಡಿ. ಈ ಭಾನುವಾರ ಮಾವ ಎರಡು ಬಸ್ಸು ಬದಲಾಯಿಸಿ ಕನಕಪುರಕ್ಕೆ, ನಿಮ್ಮ ಕೇಂದ್ರಕ್ಕೆ ಬರುತ್ತಾರೆ. ನಿಮ್ಮ ಮುಖ ನೋಡಲು. ಗಡ್ಡ ಬೋಳಿಸಿಕೊಂಡಿರಿ.